ಹಾಸುಹೊಕ್ಕಾದ ಕಾಯಿಲೆಗಳು: ಸಂಧಿವಾತವನ್ನು ಜಾಲವಾಗಿ ಕಲಿಸುವ ಬಗೆ

ತರಗತಿ: 9 ಮತ್ತು 10
ವಿಷಯ: ವಿಜ್ಞಾನ, ಗಣಿತ ಮತ್ತು ಭಾಷೆ (ಸಂಯೋಜಿತ ಪಾಠ)
ಅವಧಿ: 45 ನಿಮಿಷಗಳ 3 ತರಗತಿಗಳು

ಪೀಠಿಕೆ

ಕೊಯಮತ್ತೂರು ಜಿಲ್ಲೆಯಲ್ಲಿ ಪೊಳ್ಳಾಚಿಗೆ ಸಮೀಪವಿರುವ ನೆಗಮಂ ಹತ್ತಿ ಸೀರೆಗೆ ಹೆಸರಾದ ಊರು. ಇಲ್ಲಿಯ ಕೈಮಗ್ಗದ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಈ ಸೀಮೆಯ ದೇವಾಂಗ ಕುಟುಂಬಗಳಲ್ಲಿ ಅನೇಕವು ತಲೆಮಾರುಗಳಿಂದ ಮನೆಯೊಳಗೆ ಕನ್ನಡವನ್ನೂ ಹೊರಗೆ ತಮಿಳನ್ನೂ ಆಡುತ್ತ ಬಂದಿವೆ. ಮಗ್ಗದ ಮುಂದೆ ಕುಳಿತವರ ದುಡಿಮೆಯೆಲ್ಲ ಬೆರಳು, ಮಣಿಕಟ್ಟು, ಭುಜ, ಮೊಣಕಾಲುಗಳನ್ನು ನಂಬಿದೆ. ದಿನವಿಡೀ ಲಾಳಿ ಓಡಿಸುವ ಕೈ ನೋಯುವುದು ಸಹಜವೆಂದು ಮನೆಯವರು ಒಪ್ಪಿಕೊಂಡಿರುತ್ತಾರೆ. ಆ ಒಪ್ಪಿಗೆಯಲ್ಲಿಯೇ ಒಂದು ಅಪಾಯ ಅಡಗಿದೆ. ನೋವುಗಳೆಲ್ಲ ದುಡಿಮೆಯಿಂದ ಬಂದವಲ್ಲ; ಕೆಲವು ನೋವುಗಳು ಕೀಲಿನಲ್ಲಿ ಕಾಣಿಸಿಕೊಂಡರೂ ಕೀಲಿಗಷ್ಟೇ ಸೇರಿದವಲ್ಲ.

ಉರಿಯೂತದ ಸಂಧಿವಾತ ಅಂಥ ಕಾಯಿಲೆ. ಅದು ಹೃದಯ, ಮೂಳೆ, ರಕ್ತ, ಶ್ವಾಸಕೋಶ, ಮನಸ್ಸುಗಳ ಕಾಯಿಲೆಗಳೊಡನೆ ಹೇಗೆ ಹೆಣೆದುಕೊಂಡಿದೆ ಎಂಬುದನ್ನು ತಿಳಿಯಲು ವಿಜ್ಞಾನಿಗಳು ‘ಜಾಲ ಜೀವವಿಜ್ಞಾನ’ ಎಂಬ ಮಾರ್ಗವನ್ನು ರೂಪಿಸಿದ್ದಾರೆ. ಹಾಸು ಮತ್ತು ಹೊಕ್ಕು ಎಂಬ ಎರಡು ಪದಗಳನ್ನು ಬಲ್ಲ ಮಕ್ಕಳಿಗೆ ಈ ಮಾರ್ಗ ಅಪರಿಚಿತವಾಗಲಾರದು.

ಕಲಿಕೆಯ ಉದ್ದೇಶಗಳು

ಪಾಠ ಮುಗಿದ ಬಳಿಕ ವಿದ್ಯಾರ್ಥಿಯು

1. ದುಡಿಮೆಯ ಕೀಲುನೋವಿಗೂ ಉರಿಯೂತದ ಸಂಧಿವಾತಕ್ಕೂ ಇರುವ ವ್ಯತ್ಯಾಸವನ್ನು ಹೇಳಬಲ್ಲನು/ಳು.
2. ಗಂಟು ಮತ್ತು ಎಳೆಗಳಿಂದ ಒಂದು ಸಣ್ಣ ರೋಗಜಾಲವನ್ನು ರಚಿಸಿ ಎಣಿಕೆ ಮಾಡಬಲ್ಲನು/ಳು.
3. ‘ಜೊತೆಯಲ್ಲಿ ಕಾಣುವುದು’ ಮತ್ತು ‘ಕಾರಣವಾಗುವುದು’ ಎಂಬೆರಡನ್ನು ಬೇರ್ಪಡಿಸಿ ವಿವರಿಸಬಲ್ಲನು/ಳು.
4. ಇದೇ ವಿಷಯವನ್ನು ಮನೆಯ ಹಿರಿಯರಿಗೆ ಸರಳ ಕನ್ನಡದಲ್ಲಿ ತಿಳಿಸಬಲ್ಲನು/ಳು.

ಪದಪರಿಚಯ

ಪಾಠದ ಪದಗಳನ್ನು ಎರಡೂ ಭಾಷೆಗಳಲ್ಲಿ ಪರಿಚಯಿಸುವುದು ಅಗತ್ಯ. ವಿದ್ಯಾರ್ಥಿಗಳು ಆಸ್ಪತ್ರೆಯ ಫಲಕಗಳಲ್ಲಿ ಓದುವುದು ತಮಿಳಿನ ಪದ. ಮನೆಯಲ್ಲಿ ಕೇಳುವುದು ಕನ್ನಡದ ಪದ. ರುಮಟಾಯ್ಡ್ ಸಂಧಿವಾತವನ್ನು ತಮಿಳಿನಲ್ಲಿ ‘ಮುಡಕ್ಕುವಾದಂ’ ಎನ್ನುತ್ತಾರೆ. ಕೈಕಾಲು ಆಡದಂತೆ ಕಟ್ಟಿಹಾಕುವ ವಾತ ಎಂಬುದು ಅದರ ಭಾವ. ಕನ್ನಡದಲ್ಲಿ ಸಂಧಿವಾತ, ಕೀಲುವಾತ ಎಂಬ ಪದಗಳಿವೆ. ಮಧುಮೇಹಕ್ಕೆ ತಮಿಳಿನಲ್ಲಿ ‘ನೀರಿಳಿವು’, ಕನ್ನಡದ ಆಡುಮಾತಿನಲ್ಲಿ ಸಕ್ಕರೆ ಕಾಯಿಲೆ. ಜಾಲ ಎಂಬುದಕ್ಕೆ ತಮಿಳಿನ ಪದ ‘ವಲೈಪ್ಪಿನ್ನಲ್’. ಇದರಲ್ಲಿಯ ‘ವಲೈ’ ಕನ್ನಡದ ‘ಬಲೆ’ಯೇ, ‘ಪಿನ್ನಲ್’ ಎಂದರೆ ಹೆಣಿಗೆ. ತಮಿಳಿನ ವಕಾರ ಕನ್ನಡದಲ್ಲಿ ಬಕಾರವಾಗುವುದಕ್ಕೆ ಇದು ಒಳ್ಳೆಯ ನಿದರ್ಶನವೆಂದು ಶಿಕ್ಷಕರು ತೋರಿಸಬಹುದು. ಕೀಲುನೋವು, ಊತ, ಜೋಮು, ಬಿಗಿತಗಳಿಗೆ ತಮ್ಮ ಮನೆಗಳಲ್ಲಿ ಬಳಕೆಯಲ್ಲಿರುವ ಪದಗಳನ್ನು ಮಕ್ಕಳು ಸಂಗ್ರಹಿಸಿ ತರಲಿ. ಮನೆಮಾತಿನ ಪದ ಪಠ್ಯಪುಸ್ತಕದಲ್ಲಿಲ್ಲ ಎಂಬ ಕಾರಣಕ್ಕೆ ಅದು ತಪ್ಪು ಪದವಾಗುವುದಿಲ್ಲ.

ವಿಷಯ ವಿವರಣೆ

*1. ಎರಡು ಬಗೆಯ ನೋವು*

ದುಡಿಮೆಯಿಂದಲೋ ಸವೆತದಿಂದಲೋ ಬರುವ ನೋವು ಸಾಮಾನ್ಯವಾಗಿ ಕೆಲಸ ಮಾಡಿದಂತೆ ಹೆಚ್ಚುತ್ತದೆ, ವಿಶ್ರಾಂತಿಯಿಂದ ತಗ್ಗುತ್ತದೆ. ಉರಿಯೂತದ ನೋವಿನ ನಡೆ ಬೇರೆ. ಬೆಳಗ್ಗೆ ಎದ್ದಾಗ ಬೆರಳುಗಳು ಬಿಗಿದಿರುತ್ತವೆ. ಆ ಬಿಗಿತ ಅರ್ಧ ಗಂಟೆಗೂ ಮೀರಿ, ಎಷ್ಟೋ ಸಲ ಒಂದು ಗಂಟೆಗೂ ಮೀರಿ ಉಳಿಯುತ್ತದೆ. ಕೈ ಆಡಿಸಿದಂತೆ ಅದು ಸಡಿಲವಾಗುತ್ತದೆ. ಎರಡೂ ಕೈಗಳ ಸಣ್ಣ ಕೀಲುಗಳು ಒಟ್ಟಿಗೆ ಊದಿಕೊಳ್ಳುವುದು ಇದರ ಇನ್ನೊಂದು ಲಕ್ಷಣ.

ರೋಗಾಣುಗಳೊಡನೆ ಹೋರಾಡಬೇಕಾದ ರೋಗನಿರೋಧಕ ವ್ಯವಸ್ಥೆ ಇಲ್ಲಿ ಕೀಲಿನ ಒಳಪೊರೆಯ ಮೇಲೆಯೇ ತಿರುಗಿಬೀಳುತ್ತದೆ. ಪೊರೆ ದಪ್ಪವಾಗುತ್ತದೆ, ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯುತ್ತದೆ. 1993ರಲ್ಲಿ ದೆಹಲಿ ಸಮೀಪದ ಗ್ರಾಮಗಳ ಸಮೀಕ್ಷೆಯೊಂದು ಪ್ರಕಟವಾಯಿತು. ಅದರ ಪ್ರಕಾರ ವಯಸ್ಕರಲ್ಲಿ ಶೇಕಡಾ 0.75ರಷ್ಟು ಮಂದಿಗೆ ರುಮಟಾಯ್ಡ್ ಸಂಧಿವಾತವಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಮೊದಲ ಕೆಲವು ತಿಂಗಳುಗಳಲ್ಲಿಯೇ ಚಿಕಿತ್ಸೆ ಆರಂಭವಾದರೆ ಕೀಲಿನ ವಿರೂಪವನ್ನು ಬಹುಮಟ್ಟಿಗೆ ತಡೆಯಬಹುದು. ‘ಮಗ್ಗದ ನೋವು’ ಎಂದು ಎರಡು ವರ್ಷ ಕಾದ ಕೈಗೆ ಆ ಅವಕಾಶ ಮರಳಿ ಸಿಗುವುದಿಲ್ಲ.

*2. ಜೊತೆಗೂಡುವ ಕಾಯಿಲೆಗಳು*

ರುಮಟಾಯ್ಡ್ ಸಂಧಿವಾತವುಳ್ಳವರಲ್ಲಿ ಹೃದಯಾಘಾತ, ಮೂಳೆ ಟೊಳ್ಳಾಗುವಿಕೆ, ರಕ್ತಹೀನತೆ, ಶ್ವಾಸಕೋಶದ ಗಾಯಗಟ್ಟುವಿಕೆ, ಖಿನ್ನತೆ ಮೊದಲಾದವು ಇತರರಿಗಿಂತ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಹೃದ್ರೋಗದ ಸಾಧ್ಯತೆಯನ್ನು ಲೆಕ್ಕ ಹಾಕುವಾಗ ಇಂಥ ರೋಗಿಗಳಿಗೆ ಬಂದ ಸಂಖ್ಯೆಯನ್ನು 1.5ರಿಂದ ಗುಣಿಸಬೇಕೆಂದು ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ ಸಲಹೆ ನೀಡಿದೆ. ಹೀಗಿದ್ದೂ ಕೈ ತೋರಿಸಲು ಒಬ್ಬ ವೈದ್ಯರಲ್ಲಿಗೆ, ಎದೆ ತೋರಿಸಲು ಇನ್ನೊಬ್ಬರಲ್ಲಿಗೆ ಹೋಗುವ ರೋಗಿಗೆ ಇವೆರಡರ ನಡುವೆ ನಂಟಿದೆಯೆಂದು ತಿಳಿಯುವುದೇ ಇಲ್ಲ. ಈ ನಂಟನ್ನು ಅಕ್ಷರಶಃ ಗೆರೆ ಎಳೆದು ತೋರಿಸುವುದೇ ಜಾಲ ಜೀವವಿಜ್ಞಾನದ ಕೆಲಸ.

*3. ಗಂಟು ಮತ್ತು ಎಳೆ*

ಜಾಲವೆಂದರೆ ಗಂಟುಗಳು ಮತ್ತು ಅವುಗಳನ್ನು ಜೋಡಿಸುವ ಎಳೆಗಳು. 1736ರಲ್ಲಿ ಲಿಯೊನಾರ್ಡ್ ಆಯ್ಲರ್ ಎಂಬ ಗಣಿತಜ್ಞನು ಕೋನಿಗ್ಸ್‌ಬರ್ಗ್ ನಗರದ 7 ಸೇತುವೆಗಳ ಸಮಸ್ಯೆಯನ್ನು ಬಿಡಿಸಿದ. ನೆಲದ ತುಣುಕುಗಳನ್ನು ಗಂಟುಗಳೆಂದೂ ಸೇತುವೆಗಳನ್ನು ಎಳೆಗಳೆಂದೂ ಬಗೆದು ಆತ ಈ ಗಣಿತಕ್ಕೆ ತಳಹದಿ ಹಾಕಿದ. ಜೀವಕೋಶದಲ್ಲಿ ಗಂಟು ಎಂದರೆ ಒಂದು ಪ್ರೋಟೀನು ಅಥವಾ ಒಂದು ಜೀನು. ಎಳೆ ಎಂದರೆ ಅವುಗಳ ನಡುವಿನ ಒಡನಾಟ.

ಈ ಎಳೆಗಳು ತಾವಾಗಿ ಕಾಣಿಸಿದವಲ್ಲ. ಪ್ರಯೋಗಾಲಯದ ವರದಿಗಳನ್ನು ಒಂದೊಂದಾಗಿ ಓದಿ ದಾಖಲಿಸಿದ ದುಡಿಮೆ ಅವುಗಳ ಹಿಂದಿದೆ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಸಂಸ್ಥೆಯು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಖಿಲೇಶ್ ಪಾಂಡೆ ಅವರ ತಂಡದೊಡನೆ ಕೂಡಿ ಮಾನವ ಪ್ರೋಟೀನುಗಳ ಕೋಶವೊಂದನ್ನು ಸಿದ್ಧಪಡಿಸಿ 2003ರಲ್ಲಿ ಪ್ರಕಟಿಸಿತು. ಜೀವವಿಜ್ಞಾನದ ಪದವೀಧರರು ಸಂಶೋಧನ ಲೇಖನಗಳನ್ನು ಓದಿ ಕೈಯಾರೆ ನಮೂದಿಸಿದ ಈ ಕೋಶದಲ್ಲಿ 2009ರ ಹೊತ್ತಿಗೆ 38 ಸಾವಿರಕ್ಕೂ ಮಿಕ್ಕ ಒಡನಾಟಗಳು ಸೇರಿದ್ದವು. ಜಗತ್ತಿನ ರೋಗಜಾಲಗಳಲ್ಲಿ ಬೆಂಗಳೂರಿನಲ್ಲಿ ಹೊಸೆದ ಎಳೆಗಳೂ ಇವೆ ಎಂಬುದು ಮಕ್ಕಳಿಗೆ ತಿಳಿಯಬೇಕಾದ ಸಂಗತಿ.

2007ರಲ್ಲಿ ಆಲ್ಬರ್ಟ್-ಲಾಸ್ಲೊ ಬರಬಾಸಿ ಮತ್ತು ಸಂಗಡಿಗರು 1,284 ಕಾಯಿಲೆಗಳನ್ನು 1,777 ಜೀನುಗಳ ಮೂಲಕ ಜೋಡಿಸಿದ ‘ಮಾನವ ರೋಗಜಾಲ’ವನ್ನು ಪ್ರಕಟಿಸಿದರು. ಎರಡು ಕಾಯಿಲೆಗಳಿಗೆ ಒಂದೇ ಜೀನು ಕಾರಣವಾಗಿದ್ದರೆ ಅವುಗಳ ನಡುವೆ ಒಂದು ಎಳೆ. ಅವುಗಳಲ್ಲಿ 867 ಕಾಯಿಲೆಗಳಿಗೆ ಮತ್ತೊಂದು ಕಾಯಿಲೆಯೊಡನೆ ನಂಟಿತ್ತು. 2015ರಲ್ಲಿ ಇದೇ ಬಳಗ 13,460 ಪ್ರೋಟೀನುಗಳ, 141,296 ಒಡನಾಟಗಳ ಜಾಲದಲ್ಲಿ 299 ಕಾಯಿಲೆಗಳ ನೆಲೆಯನ್ನು ಗುರುತಿಸಿತು. ಒಂದು ಕಾಯಿಲೆಗೆ ಸಂಬಂಧಿಸಿದ ಪ್ರೋಟೀನುಗಳು ಜಾಲದಲ್ಲಿ ಚದುರಿಹೋಗದೆ ಒಂದು ಕೇರಿಯಂತೆ ಒತ್ತಾಗಿರುತ್ತವೆ. ಎರಡು ಕೇರಿಗಳು ಒಂದರಮೇಲೊಂದು ಬಿದ್ದಿದ್ದರೆ ಆ ಕಾಯಿಲೆಗಳ ಲಕ್ಷಣಗಳಲ್ಲಿಯೂ ಹೋಲಿಕೆ ಇರುತ್ತದೆ ಎಂಬುದು ಅವರು ಕಂಡ ನಿಯಮ. ಈ ನಕ್ಷೆಯಲ್ಲಿ ರುಮಟಾಯ್ಡ್ ಸಂಧಿವಾತದ ಕೇರಿಯು ನರಗಳ ಹೊದಿಕೆಯನ್ನು ಹಾಳುಗೆಡಹುವ ಮಲ್ಟಿಪಲ್ ಸ್ಕ್ಲಿರೋಸಿಸ್ ಕಾಯಿಲೆಯ ಕೇರಿಯೊಡನೆ ಭಾಗಶಃ ಬೆರೆತಿದೆ.

*4. ಸಂಧಿವಾತದ ಮುಖ್ಯ ಗಂಟುಗಳು*

ರೋಗನಿರೋಧಕ ಕೋಶಗಳು ಪರಸ್ಪರ ಸುದ್ದಿ ಮುಟ್ಟಿಸಲು ಹೊರಸೂಸುವ ಪ್ರೋಟೀನುಗಳಿಗೆ ಸೈಟೊಕೈನ್‌ಗಳೆಂದು ಹೆಸರು. ಸಂಧಿವಾತದಲ್ಲಿ ಅವುಗಳ ಪೈಕಿ ಮೂರು ಮುಖ್ಯ: ಟಿ.ಎನ್.ಎಫ್., ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-1 ಬೀಟಾ. ಕೀಲಿನಲ್ಲಿ ಹುಟ್ಟಿದ ಈ ಸುದ್ದಿ ರಕ್ತದೊಡನೆ ದೇಹವೆಲ್ಲ ಸುತ್ತುತ್ತದೆ. ಇಂಟರ್‌ಲ್ಯೂಕಿನ್-6 ಯಕೃತ್ತಿಗೆ ತಲುಪಿದಾಗ ಅಲ್ಲಿ ಹೆಪ್ಸಿಡಿನ್ ಎಂಬ ವಸ್ತು ಹೆಚ್ಚುತ್ತದೆ. ಅದು ಕಬ್ಬಿಣಾಂಶವನ್ನು ಕೋಶಗಳೊಳಗೇ ಬೀಗ ಹಾಕಿಡುತ್ತದೆ. ಆದ್ದರಿಂದ ದೇಹದಲ್ಲಿ ಕಬ್ಬಿಣವಿದ್ದೂ ರಕ್ತಹೀನತೆ ಬರುತ್ತದೆ. ಟಿ.ಎನ್.ಎಫ್. ‘ರ್‍ಯಾಂಕ್-ಎಲ್’ ಎಂಬ ಪ್ರೋಟೀನನ್ನು ಹೆಚ್ಚಿಸುತ್ತದೆ. ಅದು ಮೂಳೆ ಕರಗಿಸುವ ಕೋಶಗಳನ್ನು ಎಬ್ಬಿಸುತ್ತದೆ. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಗಟ್ಟಿಯಾಗುವುದರಲ್ಲಿಯೂ ಉರಿಯೂತದ ಪಾತ್ರವಿದೆ.

ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ಟಿ.ಎನ್.ಎಫ್. ಒಂದನ್ನು ತಡೆದರೆ ಇತರ ಉರಿಯೂತದ ಸಂಕೇತಗಳೂ ತಗ್ಗುತ್ತವೆಂದು ತೋರಿಸಿದರು. 1992ರಲ್ಲಿ ಸಂಧಿವಾತದ ರೋಗಿಗಳಿಗೆ ಟಿ.ಎನ್.ಎಫ್. ತಡೆಯುವ ಔಷಧದ ಪ್ರಯೋಗವನ್ನು ಆರಂಭಿಸಿದರು. ಒಂದು ಗಂಟನ್ನು ಸರಿಯಾಗಿ ಆರಿಸಿದರೆ ಇಡೀ ಹೆಣಿಗೆಯ ಬಿಗಿ ಸಡಿಲುವುದೆಂಬುದಕ್ಕೆ ಇದು ನಿದರ್ಶನ.

ಚಟುವಟಿಕೆ: ಹತ್ತು ಮೊಳೆಗಳ ಜಾಲ

ಬೇಕಾದ ವಸ್ತುಗಳು: ಒಂದು ಹಲಗೆ, 10 ಮೊಳೆಗಳು, ಮಗ್ಗದಲ್ಲಿ ಉಳಿದ ನೂಲಿನ ತುಂಡುಗಳು, ಹೆಸರಿನ ಚೀಟಿಗಳು.

ಒಳಸಾಲಿನ 5 ಮೊಳೆಗಳು: ಟಿ.ಎನ್.ಎಫ್., ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-1 ಬೀಟಾ, ರ್‍ಯಾಂಕ್-ಎಲ್, ಹೆಪ್ಸಿಡಿನ್.
ಹೊರಸಾಲಿನ 5 ಮೊಳೆಗಳು: ಕೀಲು, ಮೂಳೆಯ ಸವೆತ, ರಕ್ತಹೀನತೆ, ರಕ್ತನಾಳ, ಕ್ಷಯದ ತಡೆ.

ವಿದ್ಯಾರ್ಥಿಗಳು ಈ 10 ಎಳೆಗಳನ್ನು ಕಟ್ಟಬೇಕು:

1. ಟಿ.ಎನ್.ಎಫ್. – ಕೀಲು
2. ಟಿ.ಎನ್.ಎಫ್. – ರ್‍ಯಾಂಕ್-ಎಲ್
3. ರ್‍ಯಾಂಕ್-ಎಲ್ – ಮೂಳೆಯ ಸವೆತ
4. ಟಿ.ಎನ್.ಎಫ್. – ಕ್ಷಯದ ತಡೆ
5. ಟಿ.ಎನ್.ಎಫ್. – ಇಂಟರ್‌ಲ್ಯೂಕಿನ್-6
6. ಇಂಟರ್‌ಲ್ಯೂಕಿನ್-6 – ಕೀಲು
7. ಇಂಟರ್‌ಲ್ಯೂಕಿನ್-6 – ಹೆಪ್ಸಿಡಿನ್
8. ಹೆಪ್ಸಿಡಿನ್ – ರಕ್ತಹೀನತೆ
9. ಇಂಟರ್‌ಲ್ಯೂಕಿನ್-1 ಬೀಟಾ – ಇಂಟರ್‌ಲ್ಯೂಕಿನ್-6
10. ಇಂಟರ್‌ಲ್ಯೂಕಿನ್-1 ಬೀಟಾ – ರಕ್ತನಾಳ

ಎಣಿಕೆ: ಪ್ರತಿ ಮೊಳೆಗೆ ಎಷ್ಟು ಎಳೆಗಳು ತಗುಲಿವೆ? ಟಿ.ಎನ್.ಎಫ್. ಮತ್ತು ಇಂಟರ್‌ಲ್ಯೂಕಿನ್-6ಕ್ಕೆ ತಲಾ 4. ಕೀಲು, ರ್‍ಯಾಂಕ್-ಎಲ್, ಹೆಪ್ಸಿಡಿನ್, ಇಂಟರ್‌ಲ್ಯೂಕಿನ್-1 ಬೀಟಾಕ್ಕೆ ತಲಾ 2. ಉಳಿದ ನಾಲ್ಕಕ್ಕೆ ತಲಾ 1. ಒಟ್ಟು 20. ಇದು ಎಳೆಗಳ ಸಂಖ್ಯೆಯ ಎರಡರಷ್ಟು. ಪ್ರತಿ ಎಳೆಗೂ ಎರಡು ತುದಿಗಳಿರುವುದರಿಂದ ಯಾವ ಜಾಲದಲ್ಲಿಯೂ ಈ ಲೆಕ್ಕ ತಪ್ಪದು. ಹೆಚ್ಚು ಎಳೆಗಳುಳ್ಳ ಮೊಳೆಯೇ ಕೇಂದ್ರ ಗಂಟು.

ದಾರಿ: ಕೀಲಿನಿಂದ ರಕ್ತಹೀನತೆಗೆ ಅತಿ ಚಿಕ್ಕ ದಾರಿ ಯಾವುದು? ಕೀಲು, ಇಂಟರ್‌ಲ್ಯೂಕಿನ್-6, ಹೆಪ್ಸಿಡಿನ್, ರಕ್ತಹೀನತೆ: 3 ಎಳೆಗಳು. ಕೈಬೆರಳಿನ ಊತಕ್ಕೂ ಮುಖದ ಬಿಳುಪಿಗೂ ಇರುವ ನಂಟು ಹೀಗೆ ಕಣ್ಣಿಗೆ ಕಾಣುತ್ತದೆ.

ಕೀಳುವುದು: ಈಗ ಟಿ.ಎನ್.ಎಫ್. ಮೊಳೆಯನ್ನು ಕಿತ್ತರೆ 4 ಎಳೆಗಳು ಕಳಚಿ 6 ಉಳಿಯುತ್ತವೆ. ಮೂಳೆಯ ಸವೆತ ಕೀಲಿನಿಂದ ಬೇರೆಯಾಗುತ್ತದೆ. ಆದರೆ ಇಂಟರ್‌ಲ್ಯೂಕಿನ್-6ರ ಎಳೆ ಕೀಲಿನಲ್ಲಿ ಇನ್ನೂ ಉಳಿದಿದೆ. ಟಿ.ಎನ್.ಎಫ್. ತಡೆಯುವ ಔಷಧ ಫಲಿಸದ ಕೆಲವು ರೋಗಿಗಳಿಗೆ ಇಂಟರ್‌ಲ್ಯೂಕಿನ್-6ರ ಕೆಲಸವನ್ನು ತಡೆಯುವ ಔಷಧ ಏಕೆ ನೆರವಾಗುತ್ತದೆಂಬುದನ್ನು ಇಲ್ಲಿಂದ ಊಹಿಸಬಹುದು. ಇದೇ ವೇಳೆ ‘ಕ್ಷಯದ ತಡೆ’ ಎಂಬ ಮೊಳೆ ಒಂಟಿಯಾಗಿ ನಿಂತಿರುವುದನ್ನು ಮಕ್ಕಳೇ ಗಮನಿಸಲಿ. ಶ್ವಾಸಕೋಶದಲ್ಲಿ ಅಡಗಿರುವ ಕ್ಷಯದ ರೋಗಾಣುವನ್ನು ಸುತ್ತುವರಿದು ಕಾಯುವ ಕೋಶಗಳಿಗೆ ಟಿ.ಎನ್.ಎಫ್. ಬೇಕು. ಈ ಔಷಧ ಪಡೆದವರಲ್ಲಿ 70 ಕ್ಷಯ ಪ್ರಕರಣಗಳು ವರದಿಯಾಗಿದ್ದುದನ್ನು 2001ರಲ್ಲಿ ವೈದ್ಯಪತ್ರಿಕೆಯೊಂದು ಪ್ರಕಟಿಸಿತು. ಅಂದಿನಿಂದ ಔಷಧಕ್ಕೆ ಮುನ್ನ ಕ್ಷಯದ ಪರೀಕ್ಷೆ ಮಾಡುವುದು ವಾಡಿಕೆಯಾಯಿತು. ಒಂದು ಎಳೆಯನ್ನು ಎಳೆದರೆ ಸೀರೆಯ ಇನ್ನೊಂದು ಅಂಚು ಸುಕ್ಕಾಗುವುದನ್ನು ನೇಕಾರರ ಮಕ್ಕಳಿಗೆ ಬೇರೆ ಹೇಳಬೇಕಿಲ್ಲ.

ಹತ್ತು ಮೊಳೆಗಳ ಈ ಹಲಗೆ ಕಲಿಕೆಗಾಗಿ ಸರಳಗೊಳಿಸಿದ ನಕ್ಷೆ ಮಾತ್ರ. ದೇಹದಲ್ಲಿ ರ್‍ಯಾಂಕ್-ಎಲ್ ಅನ್ನು ಹೆಚ್ಚಿಸುವ ಬೇರೆ ಗಂಟುಗಳೂ ಇವೆಯೆಂದು ಶಿಕ್ಷಕರು ನೆನಪಿಸಬೇಕು.

ಜಾಲವನ್ನು ಓದುವಲ್ಲಿ ಎಚ್ಚರ

ನಂಟು ಕಂಡಿತೆಂದ ಮಾತ್ರಕ್ಕೆ ಕಾರಣ ಸಿಕ್ಕಿತೆಂದಲ್ಲ. ಈ ಭಾಗವನ್ನು ಆತುರಪಡದೆ ಬೋಧಿಸಬೇಕು. ನಾಲ್ಕು ನಿದರ್ಶನಗಳು ಇಲ್ಲಿವೆ.

ಮೊದಲನೆಯದು. ಉರಿಯೂತ ತಗ್ಗಿಸಿದರೆ ಹೃದಯಾಘಾತ ತಗ್ಗುವುದೇ ಎಂದು ತಿಳಿಯಲು ಎರಡು ದೊಡ್ಡ ಪ್ರಯೋಗಗಳು ನಡೆದವು. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಿಂದೆ ಹೃದಯಾಘಾತವಾಗಿದ್ದ 10,061 ಮಂದಿಯ ಪೈಕಿ ಇಂಟರ್‌ಲ್ಯೂಕಿನ್-1 ಬೀಟಾ ತಡೆಯುವ ಔಷಧವನ್ನು 150 ಮಿಲಿಗ್ರಾಂ ಪ್ರಮಾಣದಲ್ಲಿ ಪಡೆದವರಲ್ಲಿ ಹೃದಯದ ಅವಘಡಗಳು ಶೇಕಡಾ 15ರಷ್ಟು ಕಡಿಮೆಯಾದವು. ಆದರೆ ಸಾವಿಗೆ ಕಾರಣವಾಗುವ ಸೋಂಕುಗಳು ಹೆಚ್ಚಿದವು. ಮತ್ತೊಂದು ಪ್ರಯೋಗದಲ್ಲಿ 4,786 ಹೃದ್ರೋಗಿಗಳು ಪಾಲ್ಗೊಂಡರು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಔಷಧದಿಂದ ಅವರ ಹೃದಯಕ್ಕೆ ಪ್ರಯೋಜನವಾಗಲಿಲ್ಲ. ಅವರ ರಕ್ತದಲ್ಲಿ ಇಂಟರ್‌ಲ್ಯೂಕಿನ್-1 ಬೀಟಾ ಆಗಲಿ ಇಂಟರ್‌ಲ್ಯೂಕಿನ್-6 ಆಗಲಿ ಇಳಿದಿರಲಿಲ್ಲ. ‘ಉರಿಯೂತ’ ಎಂಬುದು ಒಂದೇ ಎಳೆಯಲ್ಲ, ಎಳೆಗಳ ಕಟ್ಟು. ಯಾವ ಎಳೆ ಎಂಬುದೇ ಪ್ರಶ್ನೆ. ಈ ಎರಡನೆಯ ಪ್ರಯೋಗ ನಡೆದದ್ದು ಸಂಧಿವಾತವಿಲ್ಲದವರ ಮೇಲೆ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಇಂದಿಗೂ ಮೊದಲ ಸಾಲಿನ ಔಷಧವೆಂಬುದನ್ನು ಮಕ್ಕಳು ತಪ್ಪು ತಿಳಿಯಬಾರದು.

ಎರಡನೆಯದು. ರುಮಟಾಯ್ಡ್ ಸಂಧಿವಾತವೂ ಮಲ್ಟಿಪಲ್ ಸ್ಕ್ಲಿರೋಸಿಸ್ಸೂ ಜಾಲದಲ್ಲಿ ನೆರೆಹೊರೆ. ಹಾಗಾದರೆ ಒಂದರ ಮದ್ದು ಇನ್ನೊಂದಕ್ಕೂ ಸಲ್ಲಬೇಕಲ್ಲವೆ? 1999ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಟಿ.ಎನ್.ಎಫ್. ತಡೆಯುವ ಲೆನರ್ಸೆಪ್ಟ್ ಎಂಬ ಔಷಧ ಮಲ್ಟಿಪಲ್ ಸ್ಕ್ಲಿರೋಸಿಸ್ಸನ್ನು ಉಲ್ಬಣಗೊಳಿಸಿತು. ನೆರೆಮನೆಯೆಂದ ಮಾತ್ರಕ್ಕೆ ಕೀಲಿಕೈ ಒಂದೇ ಆಗಿರುವುದಿಲ್ಲ.

ಮೂರನೆಯದು. ಪಿ.ಟಿ.ಪಿ.ಎನ್.22 ಎಂಬ ಜೀನಿನ ಒಂದು ರೂಪವು ಯುರೋಪಿನ ಜನರಲ್ಲಿ ಸಂಧಿವಾತ, ಒಂದನೆಯ ಬಗೆಯ ಮಧುಮೇಹ, ಥೈರಾಯ್ಡ್ ಕಾಯಿಲೆಗಳನ್ನು ಜೋಡಿಸುವ ಪ್ರಬಲ ಎಳೆ. ಏಷ್ಯಾದ ಜನಸಮುದಾಯಗಳಲ್ಲಿ ಆ ರೂಪ ಬಹಳ ವಿರಳ. ಬೇರೆ ಊರಿನ ಅಳತೆಗೆ ನೇಯ್ದ ಜಾಲವನ್ನು ಇಲ್ಲಿಯವರಿಗೆ ಹೊದಿಸುವ ಮೊದಲು ಇಲ್ಲಿಯವರ ಅಳತೆ ತೆಗೆಯಬೇಕು.

ನಾಲ್ಕನೆಯದು ನೇಕಾರರಿಗೆ ನೇರವಾಗಿ ತಟ್ಟುವಂಥದು. ಮಲೇಷ್ಯಾದಲ್ಲಿ ರುಮಟಾಯ್ಡ್ ಸಂಧಿವಾತವುಳ್ಳ 910 ಹೆಂಗಸರನ್ನು ಕಾಯಿಲೆಯಿಲ್ಲದ ಅಷ್ಟೇ ಹೆಂಗಸರೊಡನೆ ಹೋಲಿಸಿದ ಅಧ್ಯಯನವೊಂದಿದೆ. ಕೆಲಸದಲ್ಲಿ ಬಟ್ಟೆಯ ಧೂಳಿಗೆ ಒಡ್ಡಿಕೊಂಡವರಲ್ಲಿ ಸಂಧಿವಾತದ ಸಂಭವ ಸುಮಾರು 2.8 ಪಟ್ಟು ಎಂದು ಅದು ತಿಳಿಸಿತು. ನೂಲಿನ ಧೂಳು ಶ್ವಾಸಕೋಶವನ್ನು ಕೆರಳಿಸಿ, ಅಲ್ಲಿಂದ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಬಹುದೆಂಬುದು ಒಂದು ವಿವರಣೆ. ಇದರಿಂದ ‘ಮಗ್ಗವೇ ಸಂಧಿವಾತಕ್ಕೆ ಕಾರಣ’ ಎಂದು ಹೇಳಲಾಗದು. ಹೋಲಿಕೆಯ ಅಧ್ಯಯನ ನಂಟನ್ನು ತೋರಿಸುತ್ತದೆ, ಕಾರಣವನ್ನು ಸಾಬೀತುಪಡಿಸುವುದಿಲ್ಲ. ಆದರೂ ಗಾಳಿಯಾಡುವ ಮಗ್ಗದ ಕೋಣೆ, ಧೂಳೇಳದಂತೆ ಒದ್ದೆ ಬಟ್ಟೆಯಿಂದ ಒರೆಸುವುದು, ಬೀಡಿ ಸಿಗರೇಟಿನಿಂದ ದೂರವಿರುವುದು ಯಾವ ಸಾಬೀತಿಗೂ ಕಾಯಬೇಕಾಗಿಲ್ಲದ ಒಳ್ಳೆಯ ರೂಢಿಗಳು. ಧೂಮಪಾನವು ಸಂಧಿವಾತಕ್ಕೂ ಹೃದ್ರೋಗಕ್ಕೂ ಸಮಾನವಾದ ಅಪಾಯಕಾರಿ ಅಂಶವೆಂಬುದು ದೃಢಪಟ್ಟಿದೆ.

ಹಲಗೆಯ ಜಾಲದಲ್ಲಿ ಇನ್ನು ಮುಂದೆ ಎರಡು ಬಣ್ಣಗಳನ್ನು ಬಳಸಬೇಕು. ಪ್ರಯೋಗದಿಂದ ಗಟ್ಟಿಯಾದ ನಂಟಿಗೆ ಕೆಂಪು ನೂಲು. ಜೊತೆಯಲ್ಲಿ ಕಂಡುಬಂದ ನಂಟಿಗೆ ಬಿಳಿ ನೂಲು. ಬಟ್ಟೆಯ ಧೂಳಿಗೊಂದು ಹೊಸ ಮೊಳೆ ಹೊಡೆದು, ಅದರಿಂದ ಕೀಲಿಗೆ ಯಾವ ಬಣ್ಣದ ನೂಲು ಕಟ್ಟಬೇಕೆಂದು ತರಗತಿಯೇ ಚರ್ಚಿಸಿ ನಿರ್ಧರಿಸಲಿ.

ಶಿಕ್ಷಕರಿಗೆ ಸೂಚನೆಗಳು

ತರಗತಿಯಲ್ಲಿ ಯಾರ ಮನೆಯಲ್ಲಿ ಯಾವ ಕಾಯಿಲೆಯಿದೆಯೆಂದು ಕೇಳಕೂಡದು. ಮಗುವೇ ಹೇಳಿದರೆ ಅದನ್ನು ಉದಾಹರಣೆಯಾಗಿ ಬಳಸದೆ, ತರಗತಿಯ ಬಳಿಕ ಪ್ರತ್ಯೇಕವಾಗಿ ಆಲಿಸಬೇಕು. ಔಷಧವನ್ನು ನಿಲ್ಲಿಸುವ ಅಥವಾ ಬದಲಿಸುವ ಸಲಹೆ ಪಾಠದಿಂದ ಮನೆಗೆ ಹೋಗಬಾರದು. ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಸಂಧಿವಾತಕ್ಕೆ ವಾರಕ್ಕೊಮ್ಮೆ ಮಾತ್ರ ಕೊಡುತ್ತಾರೆ. ದಿನವೂ ನುಂಗಿದರೆ ಪ್ರಾಣಾಪಾಯ. ಮನೆಯ ಹಿರಿಯರಿಗೆ ತಮಿಳಿನ ಚೀಟಿಯನ್ನು ಓದಿ ಹೇಳುವವರು ಅನೇಕ ವೇಳೆ ಮಕ್ಕಳೇ ಆಗಿರುವುದರಿಂದ ‘ವಾರಕ್ಕೊಮ್ಮೆ’, ‘ದಿನಕ್ಕೊಮ್ಮೆ’ ಎಂಬ ಪದಗಳನ್ನು ಎರಡೂ ಭಾಷೆಗಳಲ್ಲಿ ತಪ್ಪಿಲ್ಲದೆ ಓದಿಸಬೇಕು. ಭಾಷೆಯ ಪಾಠ ಇಲ್ಲಿ ಜೀವ ಕಾಯುವ ಪಾಠವೂ ಹೌದು.

ತಮಿಳುನಾಡು ಸರ್ಕಾರದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್‌ನಲ್ಲಿ ಕೃಷ್ಣಗಿರಿ ಜಿಲ್ಲೆಯಲ್ಲಿ ಆರಂಭವಾಯಿತು. ರಕ್ತದೊತ್ತಡ ಮತ್ತು ಮಧುಮೇಹದ ತಪಾಸಣೆಗಾಗಿ ಅದರ ಕಾರ್ಯಕರ್ತೆಯರು ಮನೆಬಾಗಿಲಿಗೆ ಬರುತ್ತಾರೆ. ಬೆಳಗಿನ ಬಿಗಿತ, ಎರಡೂ ಕೈಗಳ ಊತ ಆರು ವಾರಗಳನ್ನು ಮೀರಿದ್ದರೆ ಅದನ್ನು ಅವರಿಗೂ ಸರ್ಕಾರಿ ಆಸ್ಪತ್ರೆಯ ವೈದ್ಯರಿಗೂ ತಿಳಿಸಬೇಕೆಂದು ಮಕ್ಕಳು ಕಲಿಯಲಿ. ಈಗಾಗಲೇ ಸಂಧಿವಾತವಿರುವವರು ರಕ್ತದೊತ್ತಡ, ಸಕ್ಕರೆ, ಕೊಬ್ಬಿನಂಶಗಳ ತಪಾಸಣೆಯನ್ನು ತಪ್ಪಿಸಬಾರದೆಂಬುದೂ ಈ ಜಾಲದ ಪಾಠವೇ.

ಮೌಲ್ಯಮಾಪನ

1. ‘ಕೆಲಸ ಮಾಡಿದಂತೆ ಹೆಚ್ಚುವ ನೋವು’ ಮತ್ತು ‘ಬೆಳಗ್ಗೆ ಹೆಚ್ಚಿರುವ ಬಿಗಿತ’ ಇವೆರಡರ ವ್ಯತ್ಯಾಸವನ್ನು ನಾಲ್ಕು ವಾಕ್ಯಗಳಲ್ಲಿ ಬರೆಯಿರಿ.
2. ಹಲಗೆಯ ಜಾಲದಿಂದ ಇಂಟರ್‌ಲ್ಯೂಕಿನ್-6ರ ಮೊಳೆಯನ್ನು ಕಿತ್ತರೆ ಎಷ್ಟು ಎಳೆಗಳು ಉಳಿಯುತ್ತವೆ? ರಕ್ತನಾಳಕ್ಕೂ ಕೀಲಿಗೂ ದಾರಿ ಉಳಿಯುವುದೇ? (ಉತ್ತರ: 6 ಎಳೆಗಳು, ದಾರಿ ಉಳಿಯುವುದಿಲ್ಲ.)
3. ಎರಡು ಕಾಯಿಲೆಗಳು ಒಟ್ಟಿಗೆ ಕಾಣಿಸಿಕೊಳ್ಳಲು ‘ಒಂದು ಇನ್ನೊಂದಕ್ಕೆ ಕಾರಣ’ ಎಂಬುದನ್ನು ಬಿಟ್ಟು ಬೇರೆ ಯಾವ ವಿವರಣೆಗಳಿರಬಹುದು? ಎರಡನ್ನು ಬರೆಯಿರಿ. (ಸೂಚನೆ: ಎರಡಕ್ಕೂ ಸಮಾನ ಕಾರಣ, ಒಂದರ ಔಷಧದ ಪರಿಣಾಮ.)
4. ಸಂಧಿವಾತವಿರುವ ಅಜ್ಜಿಯೊಬ್ಬರು ‘ಕೈನೋವಿಗೆ ಹೋದರೆ ಎದೆ ಪರೀಕ್ಷೆ ಏಕೆ?’ ಎಂದು ಕೇಳುತ್ತಾರೆ. ಅವರಿಗೆ ಮನೆಮಾತಿನ ಕನ್ನಡದಲ್ಲಿ ಐದು ವಾಕ್ಯಗಳ ಉತ್ತರ ಸಿದ್ಧಪಡಿಸಿ, ತರಗತಿಯಲ್ಲಿ ಹೇಳಿರಿ.

ನಾಲ್ಕನೆಯ ಪ್ರಶ್ನೆಗೆ ಅಂಕ ನೀಡುವಾಗ ಗ್ರಾಂಥಿಕ ಪದಗಳ ಬಳಕೆಯನ್ನು ಅಳೆಯಬಾರದು. ಅಜ್ಜಿಗೆ ಅರ್ಥವಾಗಿ, ಅವರು ಪರೀಕ್ಷೆಗೆ ಒಪ್ಪುವಂತಿದೆಯೇ ಎಂಬುದೊಂದೇ ಅಳತೆಗೋಲು.